ತಕ್ಕಡಿಯ ಪಕ್ಕದಲ್ಲಿ ಜ್ಞಾನೋಕ್ತಿ: ದಿನಕ್ಕೊಂದು ಅಧ್ಯಾಯ ಓದಿ ಒಂದು ವಚನ ಬಾಳುವ ಕ್ರಮ

ಗದಗ ಪಕ್ಕದ ಬೆಟಗೇರಿಯಲ್ಲಿ ನನ್ನದೊಂದು ಕಿರಾಣಿ ಅಂಗಡಿ. ಗಲ್ಲಾಪೆಟ್ಟಿಗೆಯ ಮೇಲಿನ ಗೂಡಿನಲ್ಲಿ ಸತ್ಯವೇದ (ಬೈಬಲ್), ಕೆಳಗಿನ ಗೂಡಿನಲ್ಲಿ ಉದ್ರಿ ವಹಿ. ಒಂದನ್ನು ಭಾನುವಾರ ತೆಗೆಯುತ್ತಿದ್ದೆ, ಇನ್ನೊಂದನ್ನು ಉಳಿದ ಆರು ದಿನ. ಬಹಳ ವರ್ಷ ಆ ಎರಡು ಪುಸ್ತಕಗಳಿಗೆ ಮಾತುಕತೆಯೇ ಇರಲಿಲ್ಲ.

ಒಂದು ಅಕ್ಟೋಬರ್ 20ರಂದು ಮಾತು ಶುರುವಾಯಿತು. ಆ ದಿನ ರೋಣದ ಕಡೆಯ ರೈತರೊಬ್ಬರು ಮೂರು ಚೀಲ ಉಳ್ಳಾಗಡ್ಡಿಯನ್ನು ಲಿಲಾವಿಗೆ ಹಾಕದೆ ನೇರ ನನ್ನ ಅಂಗಡಿಗೇ ತಂದಿದ್ದರು. ಚೀಲಕ್ಕೆ ಕೈ ಹಾಕಿ ‘ತೇವ ಇದೆ, ವಾರ ತಡೆಯುವ ಮಾಲಲ್ಲ’ ಎಂದೆ. ಮಾಲು ಗಟ್ಟಿಯಾಗಿಯೇ ಇತ್ತು. ಕಿಲೋಗೆ ಮೂರು ರೂಪಾಯಿ ಇಳಿಸಿ ತೆಗೆದುಕೊಂಡೆ. ರಾತ್ರಿ ಊಟಕ್ಕೆ ಕುಳಿತಾಗ ಹೆಂಡತಿಯ ಮುಂದೆ ಅದನ್ನೇ ಹೆಮ್ಮೆಯಿಂದ ಹೇಳಿಕೊಂಡೆ. ಅವಳು ಏನೂ ಅನ್ನಲಿಲ್ಲ. ಕುಟುಂಬ ಪ್ರಾರ್ಥನೆಯ ಹೊತ್ತಿಗೆ ಸತ್ಯವೇದದೊಳಗಿನ ಜ್ಞಾನೋಕ್ತಿಗಳ ಪುಸ್ತಕದ 20ನೆಯ ಅಧ್ಯಾಯ ತೆಗೆದು ಓದಿದಳು. ಹದಿನಾಲ್ಕನೆಯ ವಚನ ಬಂತು. ಅದರ ಸಾರ ಇಷ್ಟು: ಕೊಳ್ಳುವವನು ಕೆಟ್ಟದ್ದು, ಕೆಟ್ಟದ್ದು ಎನ್ನುತ್ತಾನೆ, ಆಚೆ ಹೋದ ಮೇಲೆ ಜಂಬ ಕೊಚ್ಚಿಕೊಳ್ಳುತ್ತಾನೆ. ಮಕ್ಕಳು ನನ್ನ ಮುಖ ನೋಡಿದರು. ಮೂರು ಸಾವಿರ ವರ್ಷ ಹಿಂದಿನ ಯಾವನೋ ನನ್ನ ಅಂಗಡಿಯ ಕಟ್ಟೆಯ ಮೇಲೆ ಕುಳಿತು ಎಲ್ಲವನ್ನೂ ಕೇಳಿಸಿಕೊಂಡಿದ್ದಾನೆ ಎನಿಸಿತು.

ಅಂದಿನಿಂದ ತಿಂಗಳಿಗೊಮ್ಮೆ ಈ ಪುಸ್ತಕವನ್ನು ಸುತ್ತುಹಾಕುತ್ತ ಬಂದಿದ್ದೇನೆ. ಹಾಗೆ ಮಾಡುವಾಗ ಕಲಿತದ್ದನ್ನು, ಎಡವಿದ್ದನ್ನು ಇಲ್ಲಿ ಕ್ರಮವಾಗಿ ಬರೆಯುತ್ತೇನೆ. ನಾನು ಸಭಾಪಾಲಕನಲ್ಲ, ಸಂಡೇ ಸ್ಕೂಲಿನ ಆಚೆಗೆ ದೇವಶಾಸ್ತ್ರ ಓದಿದವನೂ ಅಲ್ಲ. ಅಂಗಡಿ, ಹೊಲ, ಕಚೇರಿ, ಅಡುಗೆಮನೆಗಳಲ್ಲಿ ದಿನ ಕಳೆಯುವ ವಿಶ್ವಾಸಿಗಳಿಗಾಗಿ ಬರೆದದ್ದು ಇದು.

ಹೆಜ್ಜೆ 1: ಇದು ಯಾವ ಜಾತಿಯ ಪುಸ್ತಕವೆಂದು ಮೊದಲು ತಿಳಿಯಿರಿ

ಜ್ಞಾನೋಕ್ತಿಗಳು ಗಾದೆಯ ಜಾತಿಯವು. 31 ಅಧ್ಯಾಯಗಳಿವೆ, ಆದರೆ ಒಂದೇ ಕೈಯ ಬರಹವಲ್ಲ. ಹಲವು ಗಂಟುಗಳನ್ನು ಒಟ್ಟಿಗೆ ಕಟ್ಟಿದ ಮೂಟೆ. ಮೊದಲ ಒಂಬತ್ತು ಅಧ್ಯಾಯಗಳು ತಂದೆ ಮಗನಿಗೆ ಹೇಳುವ ದೀರ್ಘ ಬುದ್ಧಿಮಾತು. ಹತ್ತರಿಂದ ಸೊಲೊಮೋನನ ಹೆಸರಿನ ಬಿಡಿ ಬಿಡಿ ಮಾತುಗಳು. 25ರಿಂದ 29ರವರೆಗಿನವು ಅರಸ ಹಿಜ್ಕೀಯನ ಆಳುಗಳು ನಕಲು ಮಾಡಿ ಸೇರಿಸಿದವು ಎಂದು ಅಲ್ಲೇ ಬರೆದಿದೆ. ಮೂವತ್ತನೆಯದು ಆಗೂರ ಎಂಬುವನದು. ಕೊನೆಯದು ಲೆಮೂವೇಲನೆಂಬ ಅರಸನಿಗೆ ಅವನ ತಾಯಿ ಕಲಿಸಿದ್ದು.

22:17ರಿಂದ, ಅಂದರೆ 22ನೆಯ ಅಧ್ಯಾಯದ 17ನೆಯ ವಚನದಿಂದ, ಮುಂದಿನ ಮಾತುಗಳಿಗೂ ಈಜಿಪ್ಟಿನ ಅಮೆನೆಮೋಪೆ ಎಂಬುವನ ಹಳೆಯ ಉಪದೇಶಕ್ಕೂ ಎದ್ದು ಕಾಣುವ ಹೋಲಿಕೆ ಇದೆ. 1924ರಲ್ಲಿ ಜರ್ಮನ್ ವಿದ್ವಾಂಸ ಆಡೋಲ್ಫ್ ಎರ್ಮನ್ ಅದನ್ನು ತೋರಿಸಿಕೊಟ್ಟ. ಇದನ್ನು ಕೇಳಿ ನಮ್ಮ ಸಭೆಯ ಕೆಲವರಿಗೆ ಕಸಿವಿಸಿಯಾಯಿತು. ನನಗೆ ಸಂತೋಷವಾಯಿತು. ಒಳ್ಳೆಯ ಮಾತು ನೆರೆಮನೆಯಲ್ಲಿ ಸಿಕ್ಕರೂ ಎತ್ತಿಕೊಂಡು ದೇವರ ಭಯದ ದಾರದಲ್ಲಿ ಪೋಣಿಸಬಹುದೆಂದು ಆ ಕಾಲದವರಿಗೇ ಗೊತ್ತಿತ್ತು. ನಮ್ಮ ಭಾಗದಲ್ಲೂ ಆ ಕೆಲಸ ನಡೆದಿದೆ. ಬಾಸೆಲ್ ಮಿಷನ್ನಿನವರು 1837ರಲ್ಲಿ ಧಾರವಾಡಕ್ಕೆ, 1839ರಲ್ಲಿ ಹುಬ್ಬಳ್ಳಿಗೆ, 1841ರಲ್ಲಿ ನಮ್ಮ ಬೆಟಗೇರಿಗೆ ಬಂದರು. ಅದೇ ಮಿಷನ್ನಿನ ಕಿಟೆಲ್ 1894ರಲ್ಲಿ ಹೊರತಂದ ನಿಘಂಟಿನಲ್ಲಿ ಪದದ ಅರ್ಥದ ಜೊತೆಗೆ ಕನ್ನಡದ ಗಾದೆಗಳನ್ನೂ ಕೊಟ್ಟಿದ್ದಾನೆ. ಸುವಾರ್ತೆ ಹೇಳಲು ಬಂದವನು ಕಟ್ಟೆಯ ಮೇಲಿನ ಅಜ್ಜಿಯರ ಮಾತಿಗೂ ಕಿವಿಗೊಟ್ಟಿದ್ದ.

ಗಾದೆಯ ಜಾತಿಯೆಂದು ಒತ್ತಿ ಹೇಳಲು ಕಾರಣವಿದೆ. ಗಾದೆ ವಾಗ್ದಾನವಲ್ಲ. ದುಡಿಯುವ ಕೈಗೆ ಸಿರಿ ಬರುತ್ತದೆ ಎಂಬ ವಚನವನ್ನು ಕರಾರುಪತ್ರದಂತೆ ಓದಿದರೆ, ಮಳೆ ಕೈಕೊಟ್ಟು ಎರೆಹೊಲ ಬಿರಿದ ವರ್ಷ ಒಬ್ಬ ರೈತನನ್ನು ಸೋಮಾರಿ ಎಂದು ಕರೆದಂತಾಗುತ್ತದೆ. ಅಂಥ ಓದಿಗೆ ಸತ್ಯವೇದವೇ ತಡೆ ಹಾಕಿದೆ. ಯೋಬನ ಪುಸ್ತಕ ಇಡೀ ಅದೇ ಜಗಳ. ಕಷ್ಟದಲ್ಲಿದ್ದವನಿಗೆ ವಚನ ಹೊಡೆದ ಗೆಳೆಯರ ಮೇಲೆ ಕೊನೆಗೆ ದೇವರು ಸಿಟ್ಟಾದನು.

ಇನ್ನೊಂದು. 26ನೆಯ ಅಧ್ಯಾಯದ 4ನೆಯ ವಚನ ಮೂಢನಿಗೆ ಅವನ ಮೂಢತನಕ್ಕೆ ತಕ್ಕಂತೆ ಉತ್ತರ ಕೊಡಬೇಡ ಎನ್ನುತ್ತದೆ. 5ನೆಯ ವಚನ ಕೊಡು ಎನ್ನುತ್ತದೆ. ಬರೆದವರಿಗೆ ಮರೆವು ಬಂದಿರಲಿಲ್ಲ. ಯಾವ ದಿನ ಬಾಯಿ ಮುಚ್ಚಬೇಕು, ಯಾವ ದಿನ ತೆರೆಯಬೇಕು ಎಂಬುದನ್ನು ನೀನೇ ಪ್ರಾರ್ಥಿಸಿ ನಿರ್ಧರಿಸು ಎಂದು ಎರಡನ್ನೂ ಪಕ್ಕಪಕ್ಕ ಇಟ್ಟಿದ್ದಾರೆ. ವಚನ ಬಾಯಿಪಾಠವಾಗಿದ್ದರೆ ಸಾಲದು. ಯಾವ ಹೊತ್ತಿಗೆ ಯಾವ ವಚನ ಎಂಬ ತೀರ್ಮಾನವೇ ಇಲ್ಲಿ ವಿವೇಕ.

ಹೆಜ್ಜೆ 2: ತಾರೀಕು ಎಷ್ಟೋ ಅಧ್ಯಾಯ ಅಷ್ಟು

ಇಂದು 14 ಆದರೆ 14ನೆಯ ಅಧ್ಯಾಯ. ಗುರುತಿನ ಚೀಟಿ ಬೇಡ. ಒಂದು ದಿನ ತಪ್ಪಿದರೆ ಬಾಕಿ ತೀರಿಸುವ ಚಿಂತೆಯೂ ಬೇಡ, ಆ ದಿನದ್ದನ್ನು ಓದಿದರಾಯಿತು. ಮೂವತ್ತೇ ದಿನದ ತಿಂಗಳಲ್ಲಿ ಕೊನೆಯ ಎರಡನ್ನು ಒಟ್ಟಿಗೆ ಓದಿ. ಗಟ್ಟಿಯಾಗಿ ಓದಿದರೆ ಐದಾರು ನಿಮಿಷ. ಒಲೆಯ ಮೇಲೆ ಚಹಾ ಉಕ್ಕುವಷ್ಟರಲ್ಲಿ ಮುಗಿಯುತ್ತದೆ.

ಕ್ರಮ ಹೀಗೆ. ಇಡೀ ಅಧ್ಯಾಯ ಓದಿ, ಒಂದೇ ಒಂದು ವಚನ ಆರಿಸಿ. ಅದನ್ನು ಸಣ್ಣ ನೋಟುಬುಕ್ಕಿನಲ್ಲಿ ನಿಮ್ಮದೇ ಮಾತಿನಲ್ಲಿ ಬರೆಯಿರಿ. ಸತ್ಯವೇದದ ಭಾಷೆಯನ್ನು ನಕಲು ಮಾಡಬೇಡಿ, ಕೈ ಬರೆಯುತ್ತದೆ, ತಲೆ ಮಲಗಿರುತ್ತದೆ. ಅದರ ಕೆಳಗೆ ಒಂದು ಹೆಸರು ಅಥವಾ ಒಂದು ಕೆಲಸ ಬರೆಯಿರಿ: ‘ಹಾಲಿನವರ ಬಾಕಿ’, ‘ತಮ್ಮನಿಗೆ ಫೋನು’, ‘ಹೊಸ ಹುಡುಗನ ಮೇಲೆ ಕೂಗಾಡಬಾರದು’. ರಾತ್ರಿ ಅದರ ಮುಂದೆ ಗುರುತು ಹಾಕಿ. ನಾನು ಸಂದಿದ್ದಕ್ಕೆ ಗೆರೆ, ಸಲ್ಲದ್ದಕ್ಕೆ ಸೊನ್ನೆ ಹಾಕುತ್ತೇನೆ. ಮೊದಲ ತಿಂಗಳು ಮುಗಿದಾಗ ಪುಟ ಇಡ್ಲಿ ತಟ್ಟೆಯಂತೆ ಕಾಣುತ್ತಿತ್ತು.

ಒಂದೇ ಕಟ್ಟುನಿಟ್ಟಿನ ನಿಯಮವಿದೆ. ಆ ದಿನದ ವಚನ ಇನ್ನೊಬ್ಬರಿಗೆ ಹೇಳಿಸಿದಂತಿದೆ ಎನಿಸಿದರೆ ಅದನ್ನು ಆರಿಸಬೇಡಿ. ‘ಜಗಳಗಂಟಿ ಹೆಂಡತಿ’ಯ ವಚನಗಳನ್ನು ನಮ್ಮ ಗಂಡಸರು ಎಷ್ಟು ಚೆನ್ನಾಗಿ ಬಾಯಿಪಾಠ ಮಾಡಿದ್ದಾರೆ! ಅದೇ ಗಂಡಸರಿಗೆ 31:8-9 ಗೊತ್ತಿರುವುದಿಲ್ಲ. ಬಾಯಿಲ್ಲದವರ ಪರವಾಗಿ ಬಾಯಿ ತೆರೆ, ಬಡವನ ನ್ಯಾಯ ನಡೆಸು ಎಂದು ತಾಯಿಯೊಬ್ಬಳು ಮಗನಿಗೆ ಹೇಳಿದ ಮಾತು ಅದು. ಅದೇ ಅಧ್ಯಾಯದಲ್ಲಿ ಮುಂದೆ ಬರುವ ಗುಣವತಿಯ 22 ವಚನಗಳು ಹೀಬ್ರೂವಿನ 22 ಅಕ್ಷರಗಳಿಗೆ ಒಂದೊಂದರಂತೆ ಕಟ್ಟಿದ ಪದ್ಯ. ಅದನ್ನು ಮದುವೆಯಲ್ಲಿ ಹುಡುಗಿಯ ಮುಂದೆ ಪರೀಕ್ಷೆಯ ಪತ್ರಿಕೆಯಂತೆ ಓದುವುದನ್ನು ನಿಲ್ಲಿಸಿದರೆ ಒಳ್ಳೆಯದು. ಹೊಗಳಿಕೆಗೆಂದು ಬರೆದದ್ದು ಅದು. ಹೊಲ ಕೊಳ್ಳುವ, ವ್ಯಾಪಾರ ಮಾಡುವ, ಬಡವರಿಗೆ ಕೈ ಚಾಚುವ ಹೆಣ್ಣಿನ ಹೊಗಳಿಕೆ.

ಹೆಜ್ಜೆ 3: ತಕ್ಕಡಿಯಿಂದ ಆರಂಭಿಸಿ

ಪ್ರಾರ್ಥನೆಯಿಂದ ಆರಂಭಿಸಿ ಎನ್ನುತ್ತೀರಿ. ಸರಿ. ಆದರೆ ನನ್ನ ಅನುಭವದಲ್ಲಿ ತಕ್ಕಡಿ ನೆಟ್ಟಗಾಗದೆ ಪ್ರಾರ್ಥನೆ ನೆಟ್ಟಗಾಗುವುದಿಲ್ಲ. ಮೋಸದ ತ್ರಾಸು ಯೆಹೋವನಿಗೆ ಅಸಹ್ಯ ಎಂದು ಈ ಪುಸ್ತಕ ಮತ್ತೆ ಮತ್ತೆ ಹೇಳುತ್ತದೆ: 11:1, 20:10, 20:23. ತೂಕದ ಕಲ್ಲುಗಳೆಲ್ಲ ಆತನ ಕೆಲಸವೇ ಎಂದು 16:11 ಹೇಳುತ್ತದೆ. ಆಗ ವ್ಯಾಪಾರಿಗಳು ಚೀಲದಲ್ಲಿ ಕಲ್ಲಿನ ತೂಕಗಳನ್ನು ಒಯ್ಯುತ್ತಿದ್ದರು. ಯೆಹೂದ ಸೀಮೆಯ ಉತ್ಖನನಗಳಲ್ಲಿ ಅಂಥ ಕಲ್ಲುಗಳು ಸಿಕ್ಕಿವೆ. ಆಗಿನ ತೂಕದ ಅಳತೆಯಾದ ಒಂದು ಶೆಕೆಲ್ ಸುಮಾರು 11 ಗ್ರಾಂ. ಕೊಳ್ಳುವಾಗ ಭಾರದ ಕಲ್ಲು, ಮಾರುವಾಗ ಹಗುರದ ಕಲ್ಲು ಇಡುವ ಉಪಾಯ ಆಗಲೂ ಇದ್ದುದರಿಂದಲೇ ಧರ್ಮೋಪದೇಶಕಾಂಡ 25:13 ಚೀಲದಲ್ಲಿ ಎರಡು ಬಗೆಯ ಕಲ್ಲು ಬೇಡ ಎಂದದ್ದು.

ಈಗ ಕಲ್ಲು ಹೋಗಿ ಎಲೆಕ್ಟ್ರಾನಿಕ್ ಕಾಂಟಾ ಬಂದಿದೆ, ಉಪಾಯಗಳು ಹಾಗೆಯೇ ಇವೆ. ಅಂಗಡಿಯವರು ಮಾಡಬೇಕಾದದ್ದನ್ನು ಹೇಳುತ್ತೇನೆ. ಕಾನೂನು ಮಾಪನಶಾಸ್ತ್ರ ಇಲಾಖೆಯಿಂದ ವರ್ಷಕ್ಕೊಮ್ಮೆ ಕಾಂಟಾಕ್ಕೆ ಮುದ್ರೆ ಹಾಕಿಸಲೇಬೇಕು, ಅದು ಕಾಯಿದೆ. ಅದರ ಮೇಲೆ, ವಾರಕ್ಕೊಮ್ಮೆ ಮುದ್ರೆಯುಳ್ಳ ಒಂದು ಕಿಲೋ ತೂಕವನ್ನು ಇಟ್ಟು ನೀವೇ ನೋಡಿ. ಬೆಲ್ಲ ತೂಗುವಾಗ ದಪ್ಪ ಕಾಗದದ ಪೊಟ್ಟಣವನ್ನು ಮೊದಲು ಇಟ್ಟು ಸೊನ್ನೆ ಮಾಡಿಕೊಳ್ಳಿ, ಆಮೇಲೆ ಬೆಲ್ಲ ಹಾಕಿ. ಕಾಗದವನ್ನು ಬೆಲ್ಲದ ಬೆಲೆಗೆ ಮಾರುವುದು ಐದು ಹತ್ತು ಗ್ರಾಂ ಮಾತು ಎನಿಸುತ್ತದೆ. ದಿನಕ್ಕೆ ಎಷ್ಟು ಪೊಟ್ಟಣ ಕಟ್ಟುತ್ತೀರಿ ಎಂದು ಎಣಿಸಿ. ಕಾಂಟಾದ ಅಂಕಿ ಗಿರಾಕಿಗೆ ಕಾಣುವಂತೆ ತಿರುಗಿಸಿಡಿ. ನಾನು ತಿರುಗಿಸಿಟ್ಟ ಮೊದಲ ವಾರ ಕೈ ಅಂಜುತ್ತಿತ್ತು. ಮೊದಲು ನಾನು ಕಳ್ಳನಾಗಿದ್ದೆ ಎಂದು ಅದರಿಂದಲೇ ನನಗೆ ತಿಳಿಯಿತು.

ಅಂಗಡಿ ಇಲ್ಲದವರಿಗೂ ತಕ್ಕಡಿ ಇದೆ. ಶಿಕ್ಷಕರಿಗೆ ಅಂಕ, ಆಟೋದವರಿಗೆ ಮೀಟರ್, ದರ್ಜಿಗೆ ಉಳಿದ ಬಟ್ಟೆ, ಕಚೇರಿಯವರಿಗೆ ಹಾಜರಿ. ನಿಮ್ಮ ಕೈಯಲ್ಲಿ ಅಳತೆ ಇದ್ದು ಎದುರಿನವರಿಗೆ ಅದು ಕಾಣದ ಜಾಗ ಯಾವುದು ಎಂದು ಹುಡುಕಿ. ನಿಮ್ಮ ತಕ್ಕಡಿ ಅಲ್ಲೇ ಇದೆ.

ಕೊಳ್ಳುವ ಕಡೆಯ ತಕ್ಕಡಿಯನ್ನು ನಾವು ಲೆಕ್ಕಕ್ಕೇ ಹಿಡಿಯುವುದಿಲ್ಲ. ಚೌಕಾಸಿ ಪಾಪವೆಂದು ನಾನು ಹೇಳುತ್ತಿಲ್ಲ. ಹುಬ್ಬಳ್ಳಿಯ ದುರ್ಗದಬೈಲಿನಲ್ಲಿ ಚೌಕಾಸಿ ಮಾಡದಿದ್ದರೆ ಮಾರುವವರಿಗೇ ಬೇಸರವಾಗುತ್ತದೆ. ‘ನನ್ನ ಕೈಲಿ ಇಷ್ಟೇ ಆಗುತ್ತದೆ’ ಎನ್ನುವುದು ಚೌಕಾಸಿ. ಒಳ್ಳೆಯ ಮಾಲನ್ನು ಕೊಳೆತದ್ದು ಎನ್ನುವುದು ಸುಳ್ಳು. 20:14 ಗೆರೆ ಎಳೆಯುವುದು ಆ ಎರಡರ ನಡುವೆ.

ಕೂಲಿಯದೂ ತಕ್ಕಡಿಯೇ. ಕೂಲಿಯವನ ಹಣ ಬೆಳಗಿನವರೆಗೆ ನಿನ್ನ ಬಳಿ ಉಳಿಯಬಾರದು ಎಂದು ಯಾಜಕಕಾಂಡ 19:13 ಹೇಳುತ್ತದೆ. ಕೊಡಲು ಕೈಯಲ್ಲಿದ್ದಾಗ ನಾಳೆ ಬಾ ಎನ್ನಬೇಡ ಎಂದು ಜ್ಞಾನೋಕ್ತಿ 3:28 ಹೇಳುತ್ತದೆ. ಚೀಲ ಇಳಿಸಿದ ಹಮಾಲರನ್ನು ‘ಚಿಲ್ಲರೆ ಇಲ್ಲ, ಸಂಜೆ ಬಾ’ ಎಂದು ಎಷ್ಟು ಸಲ ಅಲೆಸಿದ್ದೇನೋ. ಈಗ ಹಮಾಲಿಯ ಹಣವನ್ನು ಬೆಳಗ್ಗೆಯೇ ಬೇರೆ ಡಬ್ಬಿಯಲ್ಲಿ ಎಣಿಸಿಡುತ್ತೇನೆ. ಮನೆಕೆಲಸದವರ ಸಂಬಳಕ್ಕೂ ಇದೇ ಉಪಾಯ: ತಿಂಗಳ ಮೊದಲ ಖರ್ಚು ಅದಾಗಲಿ, ಉಳಿದುದರಲ್ಲಿ ಕೊಡುವಂಥದ್ದಾಗದಿರಲಿ. ದಶಮಾಂಶವನ್ನು, ಅಂದರೆ ಸಭೆಗೆ ಕೊಡುವ ಆದಾಯದ ಹತ್ತರಲ್ಲೊಂದು ಪಾಲನ್ನು, ತಪ್ಪದೆ ಕೊಟ್ಟು ಕೆಲಸದವಳ ಸಂಬಳವನ್ನು ಹತ್ತನೆಯ ತಾರೀಕಿಗೆ ತಳ್ಳುವ ಮನೆಗಳನ್ನು ಕಂಡಿದ್ದೇನೆ. ಆ ಕಾಣಿಕೆ ಯಾರ ಹಣ?

ಹೆಜ್ಜೆ 4: ಜಾಮೀನಿಗೆ ಸಹಿ ಮಾಡುವ ಮುನ್ನ ಹಾಸಿಗೆಯನ್ನು ನೋಡಿಕೊಳ್ಳಿ

ಹಾಸಿಗೆ ಇದ್ದಷ್ಟು ಕಾಲು ಚಾಚು ಎನ್ನುತ್ತದೆ ನಮ್ಮ ಗಾದೆ. ಜಾಮೀನು ನಿಂತವನ ಮೈಕೆಳಗಿನ ಹಾಸಿಗೆಯನ್ನೇ ಎಳೆದೊಯ್ದಾರು ಎನ್ನುತ್ತದೆ ಜ್ಞಾನೋಕ್ತಿ 22:27. ಎರಡನ್ನೂ ಕೂಡಿಸಿ ಓದಿದರೆ ಅರ್ಧ ಅರ್ಥಶಾಸ್ತ್ರ ಬಂದಂತೆ.

ಧಾರವಾಡದ ಗೆಳೆಯನೊಬ್ಬನಿಗಾಗಿ ಒಂದು ಸಹಕಾರಿ ಸಂಘದಲ್ಲಿ ನಾನು ಸಹಿ ಮಾಡಿದ್ದೆ. ‘ಬರೀ ಹೆಸರಿಗೆ’ ಎಂದಿದ್ದ. ಎರಡು ವರ್ಷದ ನಂತರ ನೋಟಿಸು ನನ್ನ ಮನೆಗೆ ಬಂತು. ಹೆಸರಿಗೆ ಎಂಬ ಜಾಮೀನು ಕಾನೂನಿನಲ್ಲಿ ಇಲ್ಲ. 1872ರ ಭಾರತೀಯ ಕರಾರು ಕಾಯಿದೆಯ 128ನೆಯ ಕಲಮಿನ ಪ್ರಕಾರ, ಕರಾರಿನಲ್ಲಿ ಬೇರೆ ರೀತಿ ಬರೆದಿರದಿದ್ದರೆ, ಸಾಲಗಾರನ ಹೊಣೆ ಎಷ್ಟೋ ಜಾಮೀನುದಾರನ ಹೊಣೆಯೂ ಅಷ್ಟೇ. ಹೆಂಡತಿಯ ಪಾಟ್ಲಿ ಹೋದವು. ಈಗಲೂ ಮದುವೆ ಮನೆಗಳಲ್ಲಿ ಅವಳ ಕೈ ನೋಡಲು ನನಗೆ ಮುಜುಗರವಾಗುತ್ತದೆ.

ಯಾರಾದರೂ ಜಾಮೀನು ಕೇಳಲು ಬಂದರೆ ಹೀಗೆ ಮಾಡಿ. ಅಂದೇ ಉತ್ತರ ಕೊಡಬೇಡಿ. ‘ಮನೆಯಲ್ಲಿ ಕೇಳಿ ಹೇಳುತ್ತೇನೆ’ ಎನ್ನಿ, ನಿಜವಾಗಿಯೂ ಮನೆಯಲ್ಲಿ ಕೇಳಿ. ಪೂರ್ತಿ ಮೊತ್ತ ನಿಮ್ಮ ತಲೆಗೇ ಬಂದರೆ ತೀರಿಸಬಲ್ಲಿರಾ, ತೀರಿಸಿದ ಮೇಲೂ ಅವನೊಡನೆ ಊಟಕ್ಕೆ ಕೂಡಬಲ್ಲಿರಾ ಎಂದು ಲೆಕ್ಕ ಹಾಕಿ. ಎರಡಕ್ಕೂ ಹೌದು ಬಾರದಿದ್ದರೆ ಸಹಿಯ ಬದಲು, ಮರಳಿ ಬಾರದಿದ್ದರೂ ಸರಿ ಎನ್ನುವಷ್ಟು ಹಣವನ್ನು ಕೈಯಲ್ಲಿ ಕೊಡಿ. ಒಂದು ಲಕ್ಷದ ಜಾಮೀನಿಗಿಂತ ಎರಡು ಸಾವಿರದ ನೆರವು ಗೆಳೆತನವನ್ನು ಹೆಚ್ಚು ಕಾಯುತ್ತದೆ. ಇಲ್ಲ ಎನ್ನುವಾಗ ನೆಪ ಹುಡುಕಬೇಡಿ. ನಿಮ್ಮ ಮಾತು ಹೌದಾದರೆ ಹೌದು, ಇಲ್ಲವಾದರೆ ಇಲ್ಲ ಎಂದಿರಲಿ ಎಂದು ಯೇಸು ಸ್ವಾಮಿ ಹೇಳಿದ್ದು ಇಂಥ ಅಂಗಳಗಳಿಗೂ ಅನ್ವಯಿಸುತ್ತದೆ.

ಈಗಾಗಲೇ ಸಿಕ್ಕಿಕೊಂಡವರಿಗೆ 6:3-5 ಇದೆ. ಸುಮ್ಮನೆ ಕೂಡಬೇಡ, ಕಣ್ಣಿಗೆ ನಿದ್ದೆ ಕೊಡಬೇಡ, ಹೋಗಿ ತಗ್ಗಿ ಬೇಡಿಕೊ, ಬೇಟೆಗಾರನ ಕೈಯಿಂದ ಜಿಂಕೆ ತಪ್ಪಿಸಿಕೊಳ್ಳುವಂತೆ ತಪ್ಪಿಸಿಕೊ ಎನ್ನುತ್ತದೆ. ನಾನು ಆ ಗೆಳೆಯನ ಮನೆಗೆ ತಿಂಗಳುಗಟ್ಟಲೆ ಎಡತಾಕಿದೆ. ಹುಬ್ಬಳ್ಳಿಯಲ್ಲಿ ಇಳಿದು ಧಾರವಾಡಕ್ಕೆ ಹತ್ತುತ್ತಿದ್ದ ಬಸ್ಸಿನ ಹೆಸರು ಚಿಗರಿ, ಅಂದರೆ ಜಿಂಕೆ! ನಗು ಬರುತ್ತಿರಲಿಲ್ಲ, ಈಗ ಬರುತ್ತದೆ. ಕೊನೆಗೆ ಸಾಲದ ಮೂರರಲ್ಲೊಂದು ಪಾಲನ್ನು ಅವನೇ ಕಟ್ಟಿದ.

ಉದ್ರಿ ಕೊಡುವವರಿಗೆ ಒಂದು ಮಾತು. ಬಾಕಿದಾರರ ಹೆಸರನ್ನು ಹಲಗೆಯ ಮೇಲೆ ಬರೆದು ತೂಗುಹಾಕುವ ಅಂಗಡಿಗಳಿವೆ. ಬಡವನನ್ನು ಹೀಯಾಳಿಸುವವನು ಅವನನ್ನು ಸೃಷ್ಟಿಸಿದವನನ್ನೇ ಹೀಯಾಳಿಸುತ್ತಾನೆ (17:5). ವಹಿಯನ್ನು ವಹಿಯಲ್ಲೇ ಇಡಿ. ಎಷ್ಟು ಉದ್ರಿ ಕೊಡಬಲ್ಲಿರಿ ಎಂಬ ಮಿತಿಯನ್ನು ವರ್ಷದ ಆರಂಭದಲ್ಲೇ ಹಾಕಿಕೊಳ್ಳಿ. ಅದರಲ್ಲಿ ಒಂದು ಪಾಲು ವಾಪಸು ಬಾರದು ಎಂದು ತಿಳಿದೇ ಕೊಡಿ. ಬಡವನಿಗೆ ಕೊಟ್ಟದ್ದು ಯೆಹೋವನಿಗೆ ಕೊಟ್ಟ ಸಾಲ ಎಂದು 19:17 ಹೇಳುತ್ತದೆ. ಆ ಬಾಕಿದಾರನ ಬಾಗಿಲಿಗೆ ವಸೂಲಿಗೆ ಹೋಗುವ ಅವಸರ ನನಗಿಲ್ಲ.

ಹೆಜ್ಜೆ 5: ನಾಲಿಗೆಗೆ ಒಂದು ಕದ

ಹೊಸ ಒಡಂಬಡಿಕೆಯ ತನ್ನ ಪತ್ರಿಕೆಯಲ್ಲಿ ಯಾಕೋಬನು ನಾಲಿಗೆಯನ್ನು ಕಾಡು ಸುಡುವ ಕಿಡಿ ಎಂದ. ಜ್ಞಾನೋಕ್ತಿ ಇನ್ನೂ ಮನೆಯ ಮಾತು ಆಡುತ್ತದೆ: ಸೌದೆ ಮುಗಿದರೆ ಬೆಂಕಿ ಆರುತ್ತದೆ, ಚಾಡಿಕೋರ ಇಲ್ಲದಿದ್ದರೆ ಜಗಳ ಆರುತ್ತದೆ (26:20). ಇದನ್ನು ಪಾಲಿಸಲು ನಾನು ಒಂದೇ ಪ್ರಶ್ನೆ ಕೇಳಿಕೊಳ್ಳುತ್ತೇನೆ: ನಾನೀಗ ಸೌದೆಯೇ? ಮೊಬೈಲಿನ ಗುಂಪುಗಳಲ್ಲಿ ಬರುವುದನ್ನು ಮುಂದೆ ಕಳಿಸುವ ಮೊದಲು ಇದೊಂದು ಪ್ರಶ್ನೆ ಸಾಕು.

ಜಗಳ ಬಗೆಹರಿಸಲು ಕರೆದರೆ 18:17 ನೆನಪಿರಲಿ. ಮೊದಲು ಬಂದು ಹೇಳಿದವನ ಮಾತೇ ಸರಿ ಎನಿಸುತ್ತದೆ, ಎದುರಾಳಿ ಬಂದು ಪ್ರಶ್ನೆ ಹಾಕುವವರೆಗೆ. ಸಭೆಯ ಹಿರಿಯರು ಇದನ್ನು ಕಮಿಟಿ ಕೋಣೆಯ ಗೋಡೆಗೆ ಬರೆಸಿ ಹಾಕಬೇಕು. ತಮಾಷೆಗೆ ಅಂದೆ ಎನ್ನುವವರಿಗೆ 26:18-19 ಇದೆ. ಕೊಳ್ಳಿ ಎಸೆಯುವ ಹುಚ್ಚನಿಗೆ ಅವರನ್ನು ಹೋಲಿಸಿದೆ.

ನಮ್ಮಲ್ಲೇ ಬೆಳೆದ ಒಂದು ಚಟವಿದೆ, ಬರೆಯದೆ ಬಿಡಲಾರೆ. ‘ಇದು ಪ್ರಾರ್ಥನೆಯ ವಿಷಯ’ ಎಂದು ಧ್ವನಿ ತಗ್ಗಿಸಿ ಶುರುವಾಗುವ ಮಾತು. ಇಂಥವರ ಮಗಳು, ಇಂಥವರ ಕುಡಿತ, ಇಂಥವರ ಕೋರ್ಟು. ಐದು ನಿಮಿಷ ವಿವರ, ಅರ್ಧ ನಿಮಿಷ ಪ್ರಾರ್ಥನೆ. ಯಾರ ವಿಷಯವೋ ಅವರ ಒಪ್ಪಿಗೆ ಇಲ್ಲದೆ ಅದನ್ನು ಗುಂಪಿನಲ್ಲಿ ಎತ್ತಬೇಡಿ. ಹೆಸರಿಲ್ಲದೆ ಪ್ರಾರ್ಥಿಸಿ, ದೇವರಿಗೆ ವಿಳಾಸ ಗೊತ್ತು.

27:14 ಓದಿದಾಗ ನನಗೆ ನಗು ತಡೆಯಲಾಗಲಿಲ್ಲ. ಮುಂಜಾನೆ ಎದ್ದು ಗಟ್ಟಿ ಧ್ವನಿಯಲ್ಲಿ ನೆರೆಯವನನ್ನು ಆಶೀರ್ವದಿಸಿದರೆ ಅದು ಶಾಪವಾಗಿ ಎಣಿಕೆಯಾಗುತ್ತದಂತೆ. ಮನೆಯಲ್ಲಿ ಪ್ರಾರ್ಥನಾ ಕೂಟ ಇಟ್ಟು ಸ್ಪೀಕರನ್ನು ಕಿಟಕಿಯತ್ತ ತಿರುಗಿಸುವವರು ಇದನ್ನು ಓದಿ. ಪಕ್ಕದ ಮನೆಯಲ್ಲಿ ರಾತ್ರಿ ಪಾಳಿ ಮುಗಿಸಿ ಮಲಗಿದವನಿರಬಹುದು, ಪರೀಕ್ಷೆಗೆ ಓದುವ ಮಗುವಿರಬಹುದು. ಎಲ್ಲ ಧರ್ಮದವರೂ ಸ್ಪೀಕರ್ ಹಾಕುತ್ತಾರಲ್ಲ ಎಂಬ ವಾದ ನನಗೂ ಗೊತ್ತು. ಈ ವಚನ ಅವರ ಪುಸ್ತಕದಲ್ಲಿಲ್ಲ, ನಮ್ಮದರಲ್ಲಿದೆ.

ಹೆಜ್ಜೆ 6: ಮನೆ, ಆಸ್ಪತ್ರೆ

ಇಲ್ಲಿ ಹೆಚ್ಚು ಹೇಳುವುದಿಲ್ಲ. ಜಗಳ ತುಂಬಿದ ಮನೆಯ ಔತಣಕ್ಕಿಂತ ನೆಮ್ಮದಿಯ ಒಣತುತ್ತು ಲೇಸು (17:1). ಒಣ ರೊಟ್ಟಿ, ಶೇಂಗಾ ಚಟ್ನಿ ತಿನ್ನುವ ನಮಗೆ ಅದಕ್ಕೆ ವ್ಯಾಖ್ಯಾನ ಬೇಕಿಲ್ಲ. ಕುಟುಂಬ ಪ್ರಾರ್ಥನೆ ಹತ್ತು ನಿಮಿಷ ಮೀರದಿರಲಿ, ಮಕ್ಕಳು ಓದಲಿ, ಅಪ್ಪ ಉಪದೇಶ ಮಾಡದಿರಲಿ. ಮಕ್ಕಳ ಎದುರು ತಪ್ಪು ಮಾಡಿದ್ದರೆ ಮಕ್ಕಳ ಎದುರೇ ಒಪ್ಪಿಕೊಳ್ಳಿ.

ರೋಗಿಗಳನ್ನು ನೋಡಲು ಹೋದಾಗ ಯೋಬನ ಗೆಳೆಯರು ಮೊದಲ ಏಳು ದಿನ ಮಾಡಿದ್ದನ್ನು ಮಾಡಿ: ಪಕ್ಕದಲ್ಲಿ ಕುಳಿತು ಸುಮ್ಮನಿದ್ದರು. ಅವರು ಕೆಟ್ಟದ್ದು ಬಾಯಿ ತೆರೆದ ಮೇಲೆ. ವಿಶ್ವಾಸ ಕಡಿಮೆಯಾದ್ದರಿಂದ ರೋಗ ಬಂತು ಎಂಬ ಮಾತು ಯಾರ ಹಾಸಿಗೆಯ ಪಕ್ಕದಲ್ಲೂ ಬೇಡ. ವಚನ ಓದುವ ಮುನ್ನ ಊಟ ಬಂತೇ, ರಾತ್ರಿ ಯಾರು ಉಳಿಯುತ್ತಾರೆ, ಔಷಧಿಗೆ ಹಣ ಇದೆಯೇ ಎಂದು ಕೇಳಿ. ಬೆಚ್ಚಗಿರು, ಹೊಟ್ಟೆ ತುಂಬಿಸಿಕೊ ಎಂದು ಬರೀ ಬಾಯಲ್ಲಿ ಹೇಳಿ ಕಳಿಸಿದರೆ ಏನು ಪ್ರಯೋಜನ ಎಂದು ಯಾಕೋಬನು ಎರಡನೆಯ ಅಧ್ಯಾಯದಲ್ಲೇ ಕೇಳಿದ್ದಾನೆ.

ಹೆಜ್ಜೆ 7: ನೆರೆಯವರ ಹಬ್ಬ, ನಮ್ಮ ಹಬ್ಬ

ನಮ್ಮ ಓಣಿಯಲ್ಲಿ ಲಿಂಗಾಯತರು, ಮುಸಲ್ಮಾನರು, ನೇಕಾರರ ಮನೆಗಳು, ಮೂರು ನಾಲ್ಕು ಕ್ರೈಸ್ತರ ಮನೆಗಳು. ಎಳ್ಳ ಅಮಾವಾಸ್ಯೆಗೆ ಹೊಲಕ್ಕೆ ಊಟಕ್ಕೆ ಕರೆಯುತ್ತಾರೆ. ಹೋಗಬೇಕೇ ಎಂದು ಯುವಕರು ಕೇಳುತ್ತಾರೆ. ಪೌಲನು ಕೊರಿಂಥದವರಿಗೆ ಬರೆದ ಮೊದಲ ಪತ್ರಿಕೆಯ 8 ಮತ್ತು 10ನೆಯ ಅಧ್ಯಾಯಗಳನ್ನು ಪೂರ್ತಿ ಓದಿ. ಅಲ್ಲಿ ಸ್ವಾತಂತ್ರ್ಯವೂ ಇದೆ, ಎಲ್ಲೆಯೂ ಇದೆ, ಇನ್ನೊಬ್ಬರ ಮನಸ್ಸಾಕ್ಷಿಯ ಗಣನೆಯೂ ಇದೆ. ಸಭೆಗಳಲ್ಲಿ ಇದರ ಬಗ್ಗೆ ಒಮ್ಮತವಿಲ್ಲ. ನಾನು ಹೋಗುತ್ತೇನೆ, ಊಟ ಮಾಡುತ್ತೇನೆ, ಪೂಜೆಯ ಹೊತ್ತಿಗೆ ಗೌರವದಿಂದ ಪಕ್ಕಕ್ಕೆ ನಿಲ್ಲುತ್ತೇನೆ. ಇಪ್ಪತ್ತು ವರ್ಷದಲ್ಲಿ ಯಾರೂ ಬೇಸರ ಮಾಡಿಕೊಂಡಿಲ್ಲ. ಊಟವನ್ನೇ ಬೇಡವೆಂದವರ ಮೇಲೆ ಬೇಸರ ಮಾಡಿಕೊಂಡಿದ್ದಾರೆ.

ಕರೆಯುವುದನ್ನೂ ಕಲಿಯಬೇಕು. ನಮ್ಮ ಸಭೆಯ ಸುಗ್ಗಿ ಹಬ್ಬದಲ್ಲಿ ಜೋಳ, ಕುಂಬಳಕಾಯಿ, ಕೋಳಿ ತಂದು ಕಾಣಿಕೆ ಇಟ್ಟು ಲಿಲಾವು ಮಾಡುತ್ತೇವೆ. ಹೋದ ಸಲ ಓಣಿಯವರನ್ನೂ ಕರೆದೆ. ಒಂದು ಕುಂಬಳಕಾಯಿಗೆ ಇಬ್ಬರು ನೆರೆಯವರು ಹಟ ಹಿಡಿದು ಕೂಗಿದ ಬೆಲೆಗೆ ಸಭಾಪಾಲಕರೇ ಬೆರಗಾದರು.

ಯಾರಾದರೂ ನಿನ್ನ ನಂಬಿಕೆ ಏನೆಂದು ಕೇಳಿದರೆ ಉತ್ತರ ಕೊಡಿ. ಸೌಮ್ಯವಾಗಿ ಕೊಡಬೇಕೆಂದು ಪೇತ್ರನು ಬರೆದಿದ್ದಾನೆ (1 ಪೇತ್ರ 3:15). ಕೇಳದವರಿಗೆ ತಕ್ಕಡಿ ತೋರಿಸಿದರೆ ಸಾಕು.

ಹೆಜ್ಜೆ 8: ತಪ್ಪಿದಾಗ ಐದನೆಯ ಒಂದು ಪಾಲು ಸೇರಿಸಿ ಕೊಡಿ

ನೀತಿವಂತನು ಏಳು ಸಲ ಬಿದ್ದರೂ ಏಳುತ್ತಾನೆ (24:16). ಬೀಳುವುದಿಲ್ಲ ಎಂದು ಎಲ್ಲೂ ಬರೆದಿಲ್ಲ. ಏಳುವ ಕ್ರಮ 28:13ರಲ್ಲಿದೆ: ಮುಚ್ಚಿಡದೆ ಒಪ್ಪಿಕೊಳ್ಳುವುದು, ಬಿಟ್ಟುಬಿಡುವುದು. ಹಣದ ತಪ್ಪಾದರೆ ಇನ್ನೊಂದು ಕೆಲಸವಿದೆ. ಮೋಸದಿಂದ ಪಡೆದದ್ದಕ್ಕೆ ಐದರಲ್ಲೊಂದು ಪಾಲು ಸೇರಿಸಿ ಅದರ ಒಡೆಯನಿಗೆ ಕೊಡಬೇಕೆಂದು ಯಾಜಕಕಾಂಡದ ಆರನೆಯ ಅಧ್ಯಾಯ ವಿಧಿಸುತ್ತದೆ. ಯೇಸುವಿನ ಮುಂದೆ ಸುಂಕದವನಾದ ಜಕ್ಕಾಯನು ನಾಲ್ಕರಷ್ಟು ಕೊಡುತ್ತೇನೆಂದ. ಅಷ್ಟು ದೊಡ್ಡ ಮನಸ್ಸು ನನಗಿರಲಿಲ್ಲ, ನಾನು ಯಾಜಕಕಾಂಡವನ್ನೇ ಹಿಡಿದೆ. ಕಾಣಿಕೆ ಡಬ್ಬಿಗೆ ಹಾಕಿ ಕೈತೊಳೆದುಕೊಳ್ಳುವುದು ಸುಲಭ. ಸಹೋದರನಿಗೆ ನಿನ್ನ ಮೇಲೆ ಏನಾದರೂ ಇದ್ದರೆ ಕಾಣಿಕೆಯನ್ನು ಅಲ್ಲೇ ಬಿಟ್ಟು ಮೊದಲು ಅವನ ಬಳಿಗೆ ಹೋಗು ಎಂದು ಮತ್ತಾಯ 5:24 ಆ ದಾರಿಯನ್ನು ಮುಚ್ಚಿಬಿಟ್ಟಿದೆ.

ಮೂರು ಚೀಲ, ನೂರೈವತ್ತು ಕಿಲೋ, ಕಿಲೋಗೆ ಮೂರು ರೂಪಾಯಿ: 450. ಐದರಲ್ಲೊಂದು ಪಾಲು 90. ಒಟ್ಟು 540 ರೂಪಾಯಿಯನ್ನು ಲಕೋಟೆಯಲ್ಲಿ ಹಾಕಿ ಸತ್ಯವೇದದ ಪಕ್ಕದಲ್ಲಿಟ್ಟೆ. ಆ ರೈತರ ಊರು ಸರಿಯಾಗಿ ಗೊತ್ತಿರಲಿಲ್ಲ. ನಾಲ್ಕು ತಿಂಗಳು ಲಕೋಟೆ ಅಲ್ಲೇ ಇತ್ತು. ಗಲ್ಲಾ ಬರಿದಾದ ದಿನ ಎರಡು ಸಲ ಕೈ ಅದರತ್ತ ಹೋಗಿ ಬಂತು.

ಫೆಬ್ರವರಿಯಲ್ಲಿ ಅವರು ತಾವಾಗಿಯೇ ಬಂದರು, ಈ ಸಲ ಒಣಮೆಣಸಿನಕಾಯಿ ಹೊತ್ತು. ‘ಕಾಕಾ, ಉಳ್ಳಾಗಡ್ಡಿಯಲ್ಲಿ ನಿಮಗೆ ಮೋಸ ಮಾಡಿದ್ದೆ’ ಎಂದು ಲಕೋಟೆ ಕೊಟ್ಟೆ. ಅವರು ಎಣಿಸಿದರು, ಮತ್ತೆ ಎಣಿಸಿದರು, ನನ್ನನ್ನು ಅನುಮಾನದಿಂದ ನೋಡಿದರು. ‘ತೇವ ಇರಲಿಲ್ಲ ಎಂದು ನನಗೆ ಆಗಲೇ ಗೊತ್ತಿತ್ತು ಸಾಹುಕಾರರೇ. ಬಸ್ಸಿನ ಹೊತ್ತಾಗಿತ್ತು’ ಎಂದರು. ಹಣವನ್ನು ಬನಿಯನ್ನಿನ ಜೇಬಿಗೆ ಇಳಿಸಿ, ಮೆಣಸಿನಕಾಯಿ ಚೀಲದ ಬಾಯಿ ಬಿಚ್ಚಿದರು.

ನಾನು ಕೈ ಹಾಕಿ ಒಂದು ಹಿಡಿ ತೆಗೆದೆ. ಗರಿಗರಿಯಾಗಿತ್ತು, ಬಣ್ಣ ಕಡುಗೆಂಪು. ‘ಸ್ವಲ್ಪ ತೇ...’ ಎಂದು ಬಾಯಿ ತಾನಾಗಿಯೇ ತೆರೆಯಿತು. ಅವರು ಹುಬ್ಬೇರಿಸಿದರು. ಹಿಡಿಯನ್ನು ಚೀಲಕ್ಕೆ ಸುರಿದು, ಏನು ಬೆಲೆ ಎಂದು ಕೇಳಿದೆ.